ಭಾರತದಲ್ಲಿ ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಶಿಕ್ಷಣ

ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಶಿಕ್ಷಣವು ಜನಸಮುದಾಯದ ಆರೋಗ್ಯವನ್ನು ಕಾಪಾಡುವ, ರೋಗಗಳನ್ನು ತಡೆಗಟ್ಟುವ ಹಾಗೂ ಆರೋಗ್ಯ ಸೇವೆಗಳನ್ನು ಯೋಜಿಸಿ ನಿರ್ವಹಿಸುವ ವಿದ್ಯೆಯನ್ನು ಪದವಿಯ ನಂತರದ ಹಂತದಲ್ಲಿ ಕಲಿಸುವ ಶಿಕ್ಷಣ ಶಾಖೆಯಾಗಿದೆ. ಭಾರತದಲ್ಲಿ ಇದು ಮುಖ್ಯವಾಗಿ ಮೂರು ರೂಪಗಳಲ್ಲಿ ಬೆಳೆದುಬಂದಿದೆ. ಮೊದಲನೆಯದು, ವೈದ್ಯರಿಗಾಗಿ ಇರುವ ಸಾರ್ವಜನಿಕ ಆರೋಗ್ಯ ಡಿಪ್ಲೊಮಾ, ಅಂದರೆ ಡಿ.ಪಿ.ಎಚ್. ಎರಡನೆಯದು, ವೈದ್ಯಕೀಯ ಕಾಲೇಜುಗಳಲ್ಲಿ ನೀಡಲಾಗುವ ಸಮುದಾಯ ವೈದ್ಯಶಾಸ್ತ್ರದ ಎಂ.ಡಿ. ಪದವಿ. ಮೂರನೆಯದು, ವೈದ್ಯರಲ್ಲದವರಿಗೂ ತೆರೆದಿರುವ ಮಾಸ್ಟರ್ ಆಫ್ ಪಬ್ಲಿಕ್ ಹೆಲ್ತ್, ಅಂದರೆ ಎಂ.ಪಿ.ಎಚ್. 1932ರಲ್ಲಿ ಕಲ್ಕತ್ತೆಯಲ್ಲಿ ಸ್ಥಾಪನೆಯಾದ ಅಖಿಲ ಭಾರತ ನೈರ್ಮಲ್ಯ ಮತ್ತು ಸಾರ್ವಜನಿಕ ಆರೋಗ್ಯ ಸಂಸ್ಥೆಯಿಂದ ಈ ಶಿಕ್ಷಣದ ವ್ಯವಸ್ಥಿತ ಇತಿಹಾಸ ಆರಂಭವಾಗುತ್ತದೆ. 1997ರಲ್ಲಿ ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಯಲ್ಲಿ ಎಂ.ಪಿ.ಎಚ್. ಪ್ರಾರಂಭವಾದ ಮೇಲೆ ಅದು ವಿಶ್ವವಿದ್ಯಾಲಯಗಳಲ್ಲಿ ಹರಡಿತು.

ಪರಿಕಲ್ಪನೆ

ಚಿಕಿತ್ಸಾ ವೈದ್ಯಶಾಸ್ತ್ರವು ತನ್ನ ಮುಂದೆ ಕುಳಿತಿರುವ ರೋಗಿಯನ್ನು ನೋಡುತ್ತದೆ. ಸಾರ್ವಜನಿಕ ಆರೋಗ್ಯಶಾಸ್ತ್ರವು ಆ ರೋಗಿ ಬಂದ ಊರನ್ನು ನೋಡುತ್ತದೆ. ಈ ರೋಗಿಗೆ ಏನಾಗಿದೆ ಎಂಬುದು ಮೊದಲನೆಯದರ ಪ್ರಶ್ನೆ. ಈ ರೋಗ ಯಾರಿಗೆ, ಎಲ್ಲಿ, ಯಾವಾಗ ಬರುತ್ತಿದೆ, ಉಳಿದವರಿಗೆ ಏಕೆ ಬರುತ್ತಿಲ್ಲ ಎಂಬುದು ಎರಡನೆಯದರ ಪ್ರಶ್ನೆ. ಈ ಎರಡನೆಯ ಬಗೆಯ ಪ್ರಶ್ನೆಗೆ ಉತ್ತರ ಕಂಡುಕೊಳ್ಳಲು ಗಣಿತ, ಸಮಾಜಶಾಸ್ತ್ರ, ಪರಿಸರ ವಿಜ್ಞಾನ, ಅರ್ಥಶಾಸ್ತ್ರ ಮತ್ತು ಆಡಳಿತ ಜ್ಞಾನ ಬೇಕಾಗುತ್ತದೆ. ಆದುದರಿಂದ ಇದನ್ನು ವೈದ್ಯಶಾಸ್ತ್ರದ ಒಂದು ಉಪಶಾಖೆಯೆಂದು ಭಾವಿಸದೆ ಸ್ವತಂತ್ರ ಶಿಸ್ತಾಗಿ ಬೋಧಿಸಬೇಕೆಂಬ ವಾದ ಹುಟ್ಟಿಕೊಂಡಿತು.

ಈ ಶಿಸ್ತಿನ ತರಗತಿಗಳಲ್ಲಿ ಹೆಚ್ಚಾಗಿ ಹೇಳಲಾಗುವ ಉದಾಹರಣೆ ಲಂಡನ್ನಿನದು. 1854ರಲ್ಲಿ ಆ ನಗರದ ಸೋಹೋ ಭಾಗದಲ್ಲಿ ಕಾಲರಾ ಹರಡಿ ಆರುನೂರಕ್ಕೂ ಹೆಚ್ಚು ಜನ ಸತ್ತಾಗ, ಜಾನ್ ಸ್ನೋ ಎಂಬ ವೈದ್ಯನು ಸಾವು ಸಂಭವಿಸಿದ ಮನೆಗಳನ್ನು ನಕ್ಷೆಯ ಮೇಲೆ ಗುರುತಿಸಿದನು. ಬ್ರಾಡ್ ಸ್ಟ್ರೀಟಿನ ಒಂದು ನೀರಿನ ಪಂಪಿನ ಸುತ್ತಲೇ ಅವು ದಟ್ಟವಾಗಿದ್ದುದು ಕಂಡುಬಂದಿತು. ರಾಬರ್ಟ್ ಕಾಖ್ ಕಾಲರಾ ರೋಗಾಣುವನ್ನು ಈಜಿಪ್ಟ್ ಹಾಗೂ ಕಲ್ಕತ್ತೆಯಲ್ಲಿ ಗುರುತಿಸಿದ್ದು ಅದಾದ ಸುಮಾರು ಮೂವತ್ತು ವರ್ಷಗಳ ಅನಂತರ. ರೋಗಾಣು ಯಾವುದೆಂದು ತಿಳಿಯುವುದಕ್ಕೆ ಮೊದಲೇ ರೋಗ ಹರಡುವ ದಾರಿಯನ್ನು ಎಣಿಕೆಯಿಂದ ಕಂಡುಹಿಡಿಯಬಹುದೆಂಬುದು ಇದರ ಪಾಠ.

ಕರ್ನಾಟಕದಲ್ಲಿಯೇ ಇದಕ್ಕೆ ಸಮನಾದ ಉದಾಹರಣೆಯಿದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು. ಸಮೀಪದ ಹಳ್ಳಿಗಳ ಜನರಲ್ಲಿ ತೀವ್ರ ಜ್ವರ ಕಾಣಿಸಿಕೊಂಡಿತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ತಜ್ಞರು ನಡೆಸಿದ ಅಧ್ಯಯನದಿಂದ ಇದು ಉಣ್ಣೆಗಳ ಮೂಲಕ ಹರಡುವ ಹೊಸ ವೈರಸ್ ಎಂದು ತಿಳಿದುಬಂದಿತು. ಜನರು ಇದನ್ನು ಮಂಗನ ಕಾಯಿಲೆ ಎಂದು ಕರೆದರು. ಕಾಡು ಕಡಿದು ಸಾಗುವಳಿ ಹೆಚ್ಚಿದ್ದು, ಕಾಡಂಚಿನಲ್ಲಿ ಮೇಯುವ ದನಗಳ ಮೇಲೆ ಉಣ್ಣೆಗಳು ಬೆಳೆದದ್ದು, ಸೌದೆ ಮತ್ತು ತರಗೆಲೆಗಾಗಿ ಜನರು ಕಾಡಿಗೆ ಹೋಗುವುದು, ಇವೆಲ್ಲವನ್ನೂ ಒಟ್ಟಿಗೆ ನೋಡದೆ ಈ ರೋಗವನ್ನು ಅರ್ಥಮಾಡಿಕೊಳ್ಳಲು ಸಾಧ್ಯವಿರಲಿಲ್ಲ. ವೈದ್ಯ, ಪಶುವೈದ್ಯ, ಕೀಟತಜ್ಞ ಮತ್ತು ಅರಣ್ಯ ಸಿಬ್ಬಂದಿ ಜೊತೆಯಾಗಿ ಕೆಲಸ ಮಾಡಬೇಕಾದ ಸಮಸ್ಯೆಗೆ ಇದು ಉತ್ತಮ ನಿದರ್ಶನ.

ಜಾಗತಿಕ ಹಿನ್ನೆಲೆ

ಸಾರ್ವಜನಿಕ ಆರೋಗ್ಯದಲ್ಲಿ ವಿಶ್ವವಿದ್ಯಾಲಯವೊಂದು ಪ್ರತ್ಯೇಕ ಅರ್ಹತಾಪತ್ರ ನೀಡುವ ಪದ್ಧತಿ 1871ರಲ್ಲಿ ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನಲ್ಲಿ ಆರಂಭವಾಯಿತು. ಬಳಿಕ ಕೇಂಬ್ರಿಜ್ ಮೊದಲಾದ ವಿಶ್ವವಿದ್ಯಾಲಯಗಳೂ ಇದನ್ನು ಅನುಸರಿಸಿದವು. ಬ್ರಿಟಿಷ್ ಪದ್ಧತಿಯಲ್ಲಿ ನಗರಸಭೆಯ ಆರೋಗ್ಯಾಧಿಕಾರಿಯಾಗಬೇಕಾದ ವೈದ್ಯರನ್ನು ಸಿದ್ಧಪಡಿಸುವುದೇ ಡಿ.ಪಿ.ಎಚ್.ನ ಮುಖ್ಯ ಉದ್ದೇಶವಾಗಿತ್ತು.

ಅಮೆರಿಕದಲ್ಲಿ ಬೇರೆ ಮಾದರಿ ರೂಪುಗೊಂಡಿತು. ರಾಕ್‌ಫೆಲ್ಲರ್ ಪ್ರತಿಷ್ಠಾನದ ಆಶ್ರಯದಲ್ಲಿ ವಿಲಿಯಂ ವೆಲ್ಚ್ ಮತ್ತು ವಿಕ್ಲಿಫ್ ರೋಸ್ 1915ರಲ್ಲಿ ಸಿದ್ಧಪಡಿಸಿದ ವರದಿಯು ಈ ಕ್ಷೇತ್ರದ ಮೂಲ ದಾಖಲೆಗಳಲ್ಲಿ ಒಂದು. ಕ್ಷೇತ್ರದಲ್ಲಿ ದುಡಿಯುವ ಆರೋಗ್ಯಾಧಿಕಾರಿಗಳ ತರಬೇತಿಗೆ ರೋಸ್ ಹೆಚ್ಚಿನ ಒತ್ತು ನೀಡಿದ್ದರೆ, ವೈಜ್ಞಾನಿಕ ಸಂಶೋಧನೆಯೇ ಕೇಂದ್ರವಾಗಿರಬೇಕೆಂಬುದು ವೆಲ್ಚ್ ಅವರ ಒಲವಾಗಿತ್ತು. 1916ರಲ್ಲಿ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಸ್ಥಾಪಿತವಾದ ಶಾಲೆಯಲ್ಲಿ ವೆಲ್ಚ್ ಅವರ ದೃಷ್ಟಿಯೇ ಮೇಲುಗೈ ಪಡೆಯಿತು. ಆ ಶಾಲೆಯ ತರಗತಿಗಳು 1918ರ ಅಕ್ಟೋಬರ್‌ನಲ್ಲಿ, ಇನ್‌ಫ್ಲುಯೆಂಜಾ ಮಹಾಮಾರಿಯ ನಡುವೆಯೇ ಆರಂಭವಾದವು. ಲಂಡನ್ನಿನ ನೈರ್ಮಲ್ಯ ಮತ್ತು ಉಷ್ಣವಲಯ ವೈದ್ಯಶಾಸ್ತ್ರ ಶಾಲೆಯು 1924ರಲ್ಲಿ ರಾಜಸನ್ನದು ಪಡೆಯಿತು. ಕ್ಷೇತ್ರಕಾರ್ಯ ಮುಖ್ಯವೋ ಸಂಶೋಧನೆ ಮುಖ್ಯವೋ ಎಂಬ 1915ರ ಪ್ರಶ್ನೆ ಇಂದಿಗೂ ಪ್ರತಿಯೊಂದು ಹೊಸ ವಿಭಾಗದ ಮುಂದೆ ಬರುತ್ತದೆ.

ಭಾರತದಲ್ಲಿ ಆರಂಭ

ಭಾರತೀಯ ವೈದ್ಯರು ಇಪ್ಪತ್ತನೆಯ ಶತಮಾನದ ಆದಿಭಾಗದಲ್ಲಿ ಡಿ.ಪಿ.ಎಚ್. ಪಡೆಯಲು ಬಹುತೇಕ ಬ್ರಿಟನ್ನಿಗೆ ಹೋಗಬೇಕಾಗಿತ್ತು. ಪ್ಲೇಗ್, ಕಾಲರಾ, ಸಿಡುಬು, ಮಲೇರಿಯಾ ಮತ್ತು 1918ರ ಇನ್‌ಫ್ಲುಯೆಂಜಾಗಳಿಂದ ದೇಶವು ಅಪಾರ ಪ್ರಾಣಹಾನಿ ಅನುಭವಿಸಿದ್ದರೂ ಆರೋಗ್ಯಾಧಿಕಾರಿಗಳನ್ನು ಇಲ್ಲಿಯೇ ತಯಾರುಮಾಡುವ ವ್ಯವಸ್ಥೆ ದುರ್ಬಲವಾಗಿತ್ತು. 1932ರ ಡಿಸೆಂಬರ್ 30ರಂದು ರಾಕ್‌ಫೆಲ್ಲರ್ ಪ್ರತಿಷ್ಠಾನದ ನೆರವಿನಿಂದ ಕಲ್ಕತ್ತೆಯಲ್ಲಿ ಅಖಿಲ ಭಾರತ ನೈರ್ಮಲ್ಯ ಮತ್ತು ಸಾರ್ವಜನಿಕ ಆರೋಗ್ಯ ಸಂಸ್ಥೆ ಸ್ಥಾಪನೆಯಾಯಿತು. ಉಷ್ಣವಲಯ ವೈದ್ಯಶಾಸ್ತ್ರ ಶಾಲೆ ಅದಾಗಲೇ ಆ ನಗರದಲ್ಲಿದ್ದುದು ಸಂಸ್ಥೆಗೆ ಅನುಕೂಲವಾಯಿತು. ಇಲ್ಲಿ ಕಲಿತವರಿಗೆ ಕಲ್ಕತ್ತಾ ವಿಶ್ವವಿದ್ಯಾಲಯವು ಅರ್ಹತಾಪತ್ರ ನೀಡುತ್ತಿತ್ತು.

1939ರಿಂದ 1945ರವರೆಗೆ ಈ ಸಂಸ್ಥೆಯ ನಿರ್ದೇಶಕರಾಗಿದ್ದ ಜಾನ್ ಬ್ಲ್ಯಾಕ್ ಗ್ರಾಂಟ್ ಅವರು ಅದಕ್ಕೂ ಮೊದಲು ಪೀಕಿಂಗಿನ ವೈದ್ಯಕೀಯ ಕಾಲೇಜಿನಲ್ಲಿ ಬೋಧಿಸಿದ್ದರು. ವೈದ್ಯಕೀಯ ವಿದ್ಯಾರ್ಥಿಗೆ ಆಸ್ಪತ್ರೆಯ ವಾರ್ಡು ಹೇಗೋ ಸಾರ್ವಜನಿಕ ಆರೋಗ್ಯದ ವಿದ್ಯಾರ್ಥಿಗೆ ನಿರ್ದಿಷ್ಟ ಜನವಸತಿಯುಳ್ಳ ಒಂದು ಪ್ರದೇಶ ಹಾಗೆ ಬೇಕು ಎಂಬ ತತ್ತ್ವ ಅವರದು. ಇದಕ್ಕೆ ಅನುಗುಣವಾಗಿ ಹೂಗ್ಲಿ ಜಿಲ್ಲೆಯ ಸಿಂಗೂರಿನಲ್ಲಿ ಗ್ರಾಮೀಣ ಆರೋಗ್ಯ ಕೇಂದ್ರವೊಂದು ಸಂಸ್ಥೆಯ ಬೋಧನಾ ಕ್ಷೇತ್ರವಾಗಿ ಬೆಳೆಯಿತು. ಸಾರ್ವಜನಿಕ ಆರೋಗ್ಯದ ಕಲಿಕೆಯು ತರಗತಿಯ ಕೋಣೆಯಲ್ಲಿ ಮುಗಿಯುವುದಿಲ್ಲ ಎಂಬ ಭಾರತೀಯ ಪರಂಪರೆಗೆ ಸಿಂಗೂರು ಆರಂಭದ ಹೆಗ್ಗುರುತು.

ಇದೇ ಅವಧಿಯಲ್ಲಿ ಮೈಸೂರು ಸಂಸ್ಥಾನವೂ ರಾಕ್‌ಫೆಲ್ಲರ್ ಪ್ರತಿಷ್ಠಾನದ ಸಹಕಾರದೊಡನೆ ಮಲೇರಿಯಾ ನಿಯಂತ್ರಣ ಕಾರ್ಯವನ್ನು ಕೈಗೊಂಡಿತು. ಮಂಡ್ಯದಲ್ಲಿ ಗ್ರಾಮೀಣ ಆರೋಗ್ಯ ಘಟಕವೊಂದು ಕೆಲಸಮಾಡಿತು.

ಭೋರ್ ಸಮಿತಿ ಮತ್ತು ವೈದ್ಯಕೀಯ ಕಾಲೇಜುಗಳು

ಸರ್ ಜೋಸೆಫ್ ಭೋರ್ ಅವರ ಅಧ್ಯಕ್ಷತೆಯಲ್ಲಿ 1943ರಲ್ಲಿ ನೇಮಕಗೊಂಡ ಆರೋಗ್ಯ ಸಮೀಕ್ಷೆ ಮತ್ತು ಅಭಿವೃದ್ಧಿ ಸಮಿತಿಯು 1946ರಲ್ಲಿ ವರದಿ ಸಲ್ಲಿಸಿತು. ಚಿಕಿತ್ಸೆ ಮತ್ತು ರೋಗತಡೆಗಳನ್ನು ಎಲ್ಲ ಆಡಳಿತ ಮಟ್ಟಗಳಲ್ಲಿಯೂ ಒಂದುಗೂಡಿಸಬೇಕು, ಅಲ್ಪಾವಧಿ ಯೋಜನೆಯಲ್ಲಿ ಪ್ರತಿ 40,000 ಜನಸಂಖ್ಯೆಗೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರವಿರಬೇಕು, ವೈದ್ಯ ವಿದ್ಯಾರ್ಥಿಗಳಿಗೆ ರೋಗತಡೆ ಮತ್ತು ಸಾಮಾಜಿಕ ವೈದ್ಯಶಾಸ್ತ್ರದಲ್ಲಿ ಮೂರು ತಿಂಗಳ ತರಬೇತಿ ನೀಡಬೇಕು ಎಂಬವು ಅದರ ಪ್ರಮುಖ ಶಿಫಾರಸುಗಳು. ವೈದ್ಯನು ಸಮಾಜದ ವೈದ್ಯನಾಗಬೇಕೆಂಬುದು ಸಮಿತಿಯ ಆಶಯವಾಗಿತ್ತು.

ಸ್ವಾತಂತ್ರ್ಯಾನಂತರ, 1950ರ ದಶಕದಿಂದ, ವೈದ್ಯಕೀಯ ಕಾಲೇಜುಗಳಲ್ಲಿ ರೋಗತಡೆ ಮತ್ತು ಸಾಮಾಜಿಕ ವೈದ್ಯಶಾಸ್ತ್ರ ವಿಭಾಗಗಳು ತೆರೆದವು. ಕ್ರಮೇಣ ಅವುಗಳಲ್ಲಿ ಎಂ.ಡಿ. ಪದವಿಯೂ ಬಂದಿತು. ಈ ವಿಭಾಗಗಳನ್ನು ಈಗ ಸಾಮಾನ್ಯವಾಗಿ ಸಮುದಾಯ ವೈದ್ಯಶಾಸ್ತ್ರ ವಿಭಾಗಗಳೆಂದು ಕರೆಯಲಾಗುತ್ತದೆ. 1977ರಲ್ಲಿ ಜಾರಿಗೆ ಬಂದ ವೈದ್ಯಕೀಯ ಶಿಕ್ಷಣದ ಪುನರ್‌ನಿರ್ದೇಶನ ಯೋಜನೆಯು ಪ್ರತಿಯೊಂದು ವೈದ್ಯಕೀಯ ಕಾಲೇಜಿಗೆ ಮೂರು ಪ್ರಾಥಮಿಕ ಆರೋಗ್ಯ ಕೇಂದ್ರಗಳನ್ನು ಸೇರಿಸಿ, ವಿದ್ಯಾರ್ಥಿಗಳನ್ನು ಹಳ್ಳಿಗೆ ಕರೆದೊಯ್ಯಲು ಉದ್ದೇಶಿಸಿತು.

ಈ ವ್ಯವಸ್ಥೆಯ ಒಂದು ಮಿತಿಯೆಂದರೆ, ಸಾರ್ವಜನಿಕ ಆರೋಗ್ಯವು ವೈದ್ಯಕೀಯ ಪದವೀಧರರ ವಲಯದೊಳಗೇ ಉಳಿಯಿತು. ಸಮಾಜಶಾಸ್ತ್ರಜ್ಞ, ಸಂಖ್ಯಾಶಾಸ್ತ್ರಜ್ಞ ಅಥವಾ ದಾದಿಯರಿಗೆ ಅಲ್ಲಿ ಬೋಧಕರಾಗಿ ಅಲ್ಪ ಸ್ಥಳವಿದ್ದರೂ ವಿದ್ಯಾರ್ಥಿಗಳಾಗಿ ಪ್ರವೇಶವಿರಲಿಲ್ಲ.

ತುಮಕೂರಿನ ಅಧ್ಯಯನ ಮತ್ತು ಸಾಮಾಜಿಕ ದೃಷ್ಟಿ

ಸಮಾಜ ವಿಜ್ಞಾನವಿಲ್ಲದೆ ಆರೋಗ್ಯ ಯೋಜನೆ ಪೂರ್ಣವಾಗದೆಂಬುದನ್ನು ತೋರಿಸಿದ ಮಹತ್ವದ ಕೆಲಸವು ಕರ್ನಾಟಕದಲ್ಲಿ ನಡೆಯಿತು. 1959ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯ ದೇಬಬರ್ ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಅವರು ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಕ್ಷಯರೋಗಿಗಳನ್ನು ಸಂದರ್ಶಿಸಿ 1963ರಲ್ಲಿ ಪ್ರಕಟಿಸಿದ ಅಧ್ಯಯನವು, ಗ್ರಾಮೀಣರು ತಮ್ಮ ರೋಗದ ಬಗ್ಗೆ ಉದಾಸೀನರೆಂಬ ಗ್ರಹಿಕೆಯನ್ನು ಪ್ರಶ್ನಿಸಿತು. ರೋಗಿಗಳಲ್ಲಿ ಬಹುಪಾಲು ಜನರಿಗೆ ತಮ್ಮ ರೋಗಲಕ್ಷಣಗಳ ಅರಿವಿತ್ತು. ಸುಮಾರು ಅರ್ಧದಷ್ಟು ಮಂದಿ ಅದಾಗಲೇ ಚಿಕಿತ್ಸೆಯನ್ನು ಹುಡುಕಿಕೊಂಡು ಹೋಗಿದ್ದರು. ಆದರೆ ಅವರಿಗೆ ಅಲ್ಲಿ ಕ್ಷಯದ ಪರೀಕ್ಷೆ ಆಗದೆ ಸಾಮಾನ್ಯ ಕೆಮ್ಮಿನ ಔಷಧ ದೊರೆಯುತ್ತಿತ್ತು. ದೋಷವಿದ್ದುದು ಜನರ ಅಜ್ಞಾನದಲ್ಲಿ ಎನ್ನುವುದಕ್ಕಿಂತ ಸೇವೆಯ ವ್ಯವಸ್ಥೆಯಲ್ಲಿ ಎಂಬುದು ಇದರಿಂದ ಸ್ಪಷ್ಟವಾಯಿತು. ಕೆಮ್ಮಿನಿಂದ ಆರೋಗ್ಯ ಕೇಂದ್ರಕ್ಕೆ ತಾವಾಗಿಯೇ ಬರುವವರ ಕಫವನ್ನು ಪರೀಕ್ಷಿಸುವುದು 1962ರಲ್ಲಿ ಆರಂಭವಾದ ರಾಷ್ಟ್ರೀಯ ಕ್ಷಯರೋಗ ಕಾರ್ಯಕ್ರಮದ ಆಧಾರಗಳಲ್ಲಿ ಒಂದಾಯಿತು.

ಬ್ಯಾನರ್ಜಿಯವರು ಮುಂದೆ ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದಲ್ಲಿ ಸಾಮಾಜಿಕ ವೈದ್ಯಶಾಸ್ತ್ರ ಮತ್ತು ಸಮುದಾಯ ಆರೋಗ್ಯ ಕೇಂದ್ರವನ್ನು ಕಟ್ಟಿದರು. ವೈದ್ಯಕೀಯ ಕಾಲೇಜಿನ ಬದಲು ಸಮಾಜ ವಿಜ್ಞಾನಗಳ ನಿಕಾಯದಲ್ಲಿ ನೆಲೆಗೊಂಡ ಈ ಕೇಂದ್ರವು, ವೈದ್ಯರು ಹಾಗೂ ಸಮಾಜ ವಿಜ್ಞಾನಿಗಳು ಒಂದೇ ತರಗತಿಯಲ್ಲಿ ಕುಳಿತು ಕಲಿಯುವ ಪದ್ಧತಿಗೆ ದಾರಿಮಾಡಿತು.

ವಿಶ್ವವಿದ್ಯಾಲಯಗಳಲ್ಲಿ ಎಂ.ಪಿ.ಎಚ್.

1994ರಲ್ಲಿ ಸೂರತ್ ನಗರದಲ್ಲಿ ಪ್ಲೇಗ್ ಕಾಣಿಸಿಕೊಂಡು ಜನರು ಲಕ್ಷೋಪಲಕ್ಷ ಸಂಖ್ಯೆಯಲ್ಲಿ ಊರು ಬಿಟ್ಟಾಗ, ದೇಶದ ಸಾರ್ವಜನಿಕ ಆರೋಗ್ಯ ವ್ಯವಸ್ಥೆಯ ಕೊರತೆಗಳು ಚರ್ಚೆಗೆ ಬಂದವು. 1997ರಲ್ಲಿ ಶ್ರೀ ಚಿತ್ರಾ ತಿರುನಾಳ್ ವೈದ್ಯಕೀಯ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯ ಅಚ್ಯುತ ಮೆನನ್ ಆರೋಗ್ಯ ವಿಜ್ಞಾನ ಅಧ್ಯಯನ ಕೇಂದ್ರದಲ್ಲಿ ಎಂ.ಪಿ.ಎಚ್. ಆರಂಭವಾಯಿತು. ಭಾರತದಲ್ಲಿ ಆ ಹೆಸರಿನ ಪದವಿ ಶಿಕ್ಷಣಕ್ಕೆ ಇದೇ ಮೊದಲೆಂದು ಪರಿಗಣಿಸಲಾಗಿದೆ. 1980ರ ಸಂಸತ್ತಿನ ಕಾಯಿದೆಯ ಮೂಲಕ ರಾಷ್ಟ್ರೀಯ ಮಹತ್ವದ ಸಂಸ್ಥೆಯೆಂದು ಘೋಷಿತವಾಗಿದ್ದ ಶ್ರೀ ಚಿತ್ರಾಕ್ಕೆ ಸ್ವತಃ ಪದವಿ ನೀಡುವ ಅಧಿಕಾರವಿತ್ತು. ಕೇಂದ್ರಕ್ಕೆ ಕೇರಳದ ಮಾಜಿ ಮುಖ್ಯಮಂತ್ರಿ ಸಿ. ಅಚ್ಯುತ ಮೆನನ್ ಅವರ ಹೆಸರಿಡಲಾಗಿದೆ. ಚೆನ್ನೈನ ರಾಷ್ಟ್ರೀಯ ಸಾಂಕ್ರಾಮಿಕ ರೋಗಶಾಸ್ತ್ರ ಸಂಸ್ಥೆಯು ಸೇವಾನಿರತ ಅಧಿಕಾರಿಗಳಿಗಾಗಿ ನಡೆಸಿದ ಕ್ಷೇತ್ರ ತರಬೇತಿಗೂ ಶ್ರೀ ಚಿತ್ರಾದಿಂದಲೇ ಪದವಿ ದೊರೆಯಿತು.

2006ರ ಮಾರ್ಚ್‌ನಲ್ಲಿ ಸರ್ಕಾರ ಮತ್ತು ಖಾಸಗಿ ದಾನಿಗಳ ಸಹಭಾಗಿತ್ವದಲ್ಲಿ ಭಾರತೀಯ ಸಾರ್ವಜನಿಕ ಆರೋಗ್ಯ ಪ್ರತಿಷ್ಠಾನವು ಉದ್ಘಾಟನೆಗೊಂಡಿತು. ಅದು ಗಾಂಧಿನಗರ, ಹೈದರಾಬಾದ್, ದೆಹಲಿ, ಭುವನೇಶ್ವರ ಮತ್ತು ಶಿಲ್ಲಾಂಗ್‌ಗಳಲ್ಲಿ ಸಂಸ್ಥೆಗಳನ್ನು ಸ್ಥಾಪಿಸಿತು. ಇವುಗಳಲ್ಲಿ ಗಾಂಧಿನಗರದ ಸಂಸ್ಥೆ ಗುಜರಾತಿನ 2015ರ ಕಾಯಿದೆಯಿಂದ ವಿಶ್ವವಿದ್ಯಾಲಯದ ಸ್ಥಾನ ಪಡೆಯಿತು. ಮುಂಬಯಿಯ ಟಾಟಾ ಸಮಾಜ ವಿಜ್ಞಾನ ಸಂಸ್ಥೆ ಮತ್ತು ಚಂಡೀಗಢದ ಸ್ನಾತಕೋತ್ತರ ವೈದ್ಯಕೀಯ ಸಂಸ್ಥೆಗಳೂ ಈ ಕ್ಷೇತ್ರದ ಪ್ರಮುಖ ಕೇಂದ್ರಗಳು.

ಕರ್ನಾಟಕದಲ್ಲಿ 1996ರಲ್ಲಿ ಸ್ಥಾಪನೆಯಾದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ, ಮಣಿಪಾಲದ ಪ್ರಸನ್ನ ಸಾರ್ವಜನಿಕ ಆರೋಗ್ಯ ಶಾಲೆ, ಬೆಂಗಳೂರಿನ ನಿಮ್ಹಾನ್ಸ್, ಬೆಳಗಾವಿಯ ಕೆ.ಎಲ್.ಇ. ಹಾಗೂ ಮೈಸೂರಿನ ಜೆ.ಎಸ್.ಎಸ್. ಸಂಸ್ಥೆಗಳು ಎಂ.ಪಿ.ಎಚ್. ಶಿಕ್ಷಣ ನೀಡುತ್ತಿವೆ.

ಪಠ್ಯಕ್ರಮ

ಎಂ.ಪಿ.ಎಚ್. ಸಾಮಾನ್ಯವಾಗಿ ನಾಲ್ಕು ಸೆಮಿಸ್ಟರುಗಳ ಎರಡು ವರ್ಷದ ಪದವಿ. ಕೇಂದ್ರ ಆರೋಗ್ಯ ಸಚಿವಾಲಯವು ಇದಕ್ಕೆ ಮಾದರಿ ಪಠ್ಯಕ್ರಮವೊಂದನ್ನು ಹೊರತಂದಿದೆ. ಬೋಧನೆಯ ತಿರುಳಾಗಿ ಐದು ಕ್ಷೇತ್ರಗಳನ್ನು ಗುರುತಿಸುವುದು ವಾಡಿಕೆ.

ಸಾಂಕ್ರಾಮಿಕ ರೋಗಶಾಸ್ತ್ರ: ರೋಗವು ಜನಸಮುದಾಯದಲ್ಲಿ ಹಂಚಿಕೆಯಾಗಿರುವ ರೀತಿ ಮತ್ತು ಅದರ ಕಾರಣಗಳ ಅಧ್ಯಯನ. ಹೆಸರಿನಲ್ಲಿ ಸಾಂಕ್ರಾಮಿಕ ಎಂದಿದ್ದರೂ ಮಧುಮೇಹ, ರಕ್ತದೊತ್ತಡ, ಅಪಘಾತ, ಆತ್ಮಹತ್ಯೆಗಳೂ ಇದರ ವ್ಯಾಪ್ತಿಗೆ ಸೇರುತ್ತವೆ.

ಜೈವಿಕ ಸಂಖ್ಯಾಶಾಸ್ತ್ರ: ಮಾದರಿಯ ಆಯ್ಕೆ, ದರಗಳ ಲೆಕ್ಕ, ಕಾಕತಾಳೀಯವನ್ನೂ ನಿಜವಾದ ಸಂಬಂಧವನ್ನೂ ಪ್ರತ್ಯೇಕಿಸುವ ವಿಧಾನಗಳು.

ಪರಿಸರ ಆರೋಗ್ಯ: ನೀರು, ಗಾಳಿ, ಕಸ, ಕೀಟ ಮತ್ತು ದುಡಿಯುವ ಸ್ಥಳಗಳಿಂದ ಬರುವ ಅಪಾಯಗಳು. ಕೋಲಾರದಂತಹ ಜಿಲ್ಲೆಗಳ ಅಂತರ್ಜಲದಲ್ಲಿರುವ ಫ್ಲೋರೈಡ್ ಇದಕ್ಕೆ ಉದಾಹರಣೆ.

ಸಾಮಾಜಿಕ ಮತ್ತು ವರ್ತನಾ ವಿಜ್ಞಾನ: ಜಾತಿ, ಲಿಂಗ, ಬಡತನ, ವಿದ್ಯೆ ಮತ್ತು ನಂಬಿಕೆಗಳು ಆರೋಗ್ಯದ ಮೇಲೆ ಬೀರುವ ಪ್ರಭಾವ.

ಆರೋಗ್ಯ ನೀತಿ ಮತ್ತು ನಿರ್ವಹಣೆ: ಆಯವ್ಯಯ, ಸಿಬ್ಬಂದಿ, ಔಷಧ ಪೂರೈಕೆ, ಕಾನೂನು ಹಾಗೂ ಕಾರ್ಯಕ್ರಮಗಳ ಮೌಲ್ಯಮಾಪನ.

ಕೊನೆಯಲ್ಲಿ ವಿದ್ಯಾರ್ಥಿಯು ಕ್ಷೇತ್ರದಿಂದ ಮಾಹಿತಿ ಸಂಗ್ರಹಿಸಿ ಪ್ರೌಢಪ್ರಬಂಧವನ್ನು ಸಲ್ಲಿಸಬೇಕಾಗುತ್ತದೆ. ಜನರಿಂದ ಮಾಹಿತಿ ಪಡೆಯುವ ಮುನ್ನ ನೈತಿಕ ಸಮಿತಿಯ ಒಪ್ಪಿಗೆ ಹಾಗೂ ಮಾಹಿತಿದಾರರ ತಿಳಿವಳಿಕೆಯುಕ್ತ ಸಮ್ಮತಿ ಅಗತ್ಯ.

ವಿಭಾಗವೊಂದನ್ನು ಕಟ್ಟುವ ಬಗೆ

ವಿಶ್ವವಿದ್ಯಾಲಯವೊಂದು ಈ ಶಿಕ್ಷಣವನ್ನು ಆರಂಭಿಸಲು ಕಟ್ಟಡ ಮತ್ತು ಪಠ್ಯಕ್ರಮಗಳಷ್ಟೇ ಸಾಲುವುದಿಲ್ಲ. ಮೊದಲ ಅಗತ್ಯ, ಬಹುಶಾಖೆಯ ಬೋಧಕವರ್ಗ. ವೈದ್ಯರು ಮಾತ್ರವೇ ಇರುವ ವಿಭಾಗದಲ್ಲಿ ಸಾಮಾಜಿಕ ವಿಷಯಗಳು ಹೆಸರಿಗಷ್ಟೇ ಉಳಿಯುವ ಸಂಭವವಿದೆ. ವೈದ್ಯರೇ ಇಲ್ಲದ ವಿಭಾಗದಲ್ಲಿ ರೋಗದ ಜ್ಞಾನ ತೆಳುವಾಗುತ್ತದೆ.

ಎರಡನೆಯದು, ಸ್ಥಿರವಾದ ಕ್ಷೇತ್ರಾಭ್ಯಾಸ ಪ್ರದೇಶ. ನಿರ್ದಿಷ್ಟ ಹಳ್ಳಿಗಳು ಅಥವಾ ನಗರದ ವಾರ್ಡುಗಳ ಜನನ, ಮರಣ, ವಲಸೆಗಳ ದಾಖಲೆಯನ್ನು ವಿಭಾಗವು ವರ್ಷಾನುವರ್ಷ ಇಟ್ಟುಕೊಂಡು ಬಂದರೆ, ಪ್ರತಿಯೊಂದು ತಂಡದ ವಿದ್ಯಾರ್ಥಿಗಳ ಕೆಲಸವೂ ಹಿಂದಿನವರ ಕೆಲಸದ ಮೇಲೆ ನಿಲ್ಲುತ್ತದೆ. ಒಂದು ಸಲ ಹೋಗಿ ಪ್ರಶ್ನಾವಳಿ ತುಂಬಿಸಿ ಮರಳುವ ಪದ್ಧತಿಯಿಂದ ಊರಿಗೂ ವಿದ್ಯಾರ್ಥಿಗೂ ಹೆಚ್ಚಿನ ಪ್ರಯೋಜನವಿಲ್ಲ.

ಮೂರನೆಯದು, ಜಿಲ್ಲಾ ಆರೋಗ್ಯ ಇಲಾಖೆಯೊಡನೆ ಒಡಂಬಡಿಕೆ. ರೋಗ ಕಾಣಿಸಿಕೊಂಡಾಗ ನಡೆಯುವ ತನಿಖೆಯಲ್ಲಿ ವಿದ್ಯಾರ್ಥಿಗಳು ಪಾಲ್ಗೊಳ್ಳುವುದು, ಆಶಾ ಕಾರ್ಯಕರ್ತೆಯರು ಹಾಗೂ ಆರೋಗ್ಯ ಸಹಾಯಕಿಯರು ಸಂಗ್ರಹಿಸುವ ಅಂಕಿಅಂಶಗಳನ್ನು ವಿಭಾಗವು ವಿಶ್ಲೇಷಿಸಿ ಅವರಿಗೇ ಮರಳಿ ತಿಳಿಸುವುದು ಇದರಿಂದ ಸಾಧ್ಯವಾಗುತ್ತದೆ.

ನಾಲ್ಕನೆಯದು, ಭಾಷೆ. ಬೋಧನೆಯ ಮಾಧ್ಯಮ ಇಂಗ್ಲಿಷ್ ಆಗಿದ್ದರೂ ಕ್ಷೇತ್ರಕಾರ್ಯ ನಡೆಯುವುದು ಜನರ ಭಾಷೆಯಲ್ಲಿ. ಪ್ರಶ್ನಾವಳಿಯನ್ನು ಕನ್ನಡಕ್ಕೆ ಅನುವಾದಿಸಿ, ಮತ್ತೊಬ್ಬರಿಂದ ಇಂಗ್ಲಿಷಿಗೆ ಮರಳಿ ಅನುವಾದ ಮಾಡಿಸಿ ಹೋಲಿಸುವುದು ಸ್ವೀಕೃತ ಕ್ರಮ. ಆದರೆ ಗ್ರಂಥಭಾಷೆಯ ಪದವು ಸರಿಯಾಗಿದ್ದರೂ ಉತ್ತರ ತಪ್ಪಾಗಬಹುದು. ಅತಿಸಾರವಾಗಿತ್ತೇ ಎಂದು ಕೇಳಿದರೆ ಇಲ್ಲವೆನ್ನುವ ತಾಯಿ, ಮಗುವಿಗೆ ಹೊಟ್ಟೆ ಕೆಟ್ಟಿತ್ತೇ ಎಂದರೆ ಹೌದೆನ್ನಬಹುದು. ಮೈಗೆ ಉಷ್ಣವಾಗಿದೆ ಎಂಬ ಮಾತಿನಲ್ಲಿ ಜ್ವರವಿರಬಹುದು, ಉರಿಮೂತ್ರವಿರಬಹುದು, ಬಾಯಿಹುಣ್ಣೂ ಇರಬಹುದು. ಆಡುನುಡಿಯ ಇಂತಹ ಅರ್ಥಭೇದಗಳನ್ನು ಅರಿಯದೆ ಸಂಗ್ರಹಿಸಿದ ಅಂಕಿಅಂಶವು ಲೆಕ್ಕದಲ್ಲಿ ನಿಖರವಾಗಿದ್ದರೂ ಸತ್ಯದಿಂದ ದೂರವಿರುತ್ತದೆ.

ಉದ್ಯೋಗ ಮತ್ತು ಸೇವಾವರ್ಗ

ಪದವೀಧರರು ಸರ್ಕಾರಿ ಆರೋಗ್ಯ ಕಾರ್ಯಕ್ರಮಗಳು, ಸಂಶೋಧನಾ ಸಂಸ್ಥೆಗಳು, ಸ್ವಯಂಸೇವಾ ಸಂಘಟನೆಗಳು ಮತ್ತು ಅಂತರರಾಷ್ಟ್ರೀಯ ಸಂಸ್ಥೆಗಳಲ್ಲಿ ಉದ್ಯೋಗ ಪಡೆಯುತ್ತಾರೆ. ಆದರೆ ಅವರಲ್ಲಿ ಅನೇಕರ ಕೆಲಸ ಗುತ್ತಿಗೆ ಆಧಾರದ್ದು, ಯೋಜನೆ ಮುಗಿದೊಡನೆ ಕೊನೆಗೊಳ್ಳುವಂತಹುದು. ಎಂ.ಪಿ.ಎಚ್. ಪದವಿಯನ್ನೇ ಅರ್ಹತೆಯಾಗಿ ಕೇಳುವ ಕಾಯಂ ಸರ್ಕಾರಿ ಹುದ್ದೆಗಳು ವಿರಳವಾಗಿವೆ.

ಇದಕ್ಕೆ ಭಿನ್ನವಾದ ನಿದರ್ಶನ ತಮಿಳುನಾಡು. ಅಲ್ಲಿ ಸಾರ್ವಜನಿಕ ಆರೋಗ್ಯಕ್ಕೆ ಪ್ರತ್ಯೇಕ ನಿರ್ದೇಶನಾಲಯವಿದೆ. 1939ರ ಮದರಾಸು ಸಾರ್ವಜನಿಕ ಆರೋಗ್ಯ ಕಾಯಿದೆಯು ಆರೋಗ್ಯಾಧಿಕಾರಿಗಳಿಗೆ ಸ್ಪಷ್ಟ ಅಧಿಕಾರ ನೀಡಿದೆ. ಸಾರ್ವಜನಿಕ ಆರೋಗ್ಯದಲ್ಲಿ ಅರ್ಹತೆ ಪಡೆದ ವೈದ್ಯರಿಗೆ ಪ್ರತ್ಯೇಕ ಸೇವಾವರ್ಗವಿರುವುದರಿಂದ ಅವರ ಕಲಿಕೆಗೂ ಹುದ್ದೆಗೂ ನೇರ ಸಂಬಂಧವಿದೆ. ಇತರ ಅನೇಕ ರಾಜ್ಯಗಳಲ್ಲಿ ಚಿಕಿತ್ಸಕ ವೈದ್ಯರೇ ಸೇವಾ ಹಿರಿತನದ ಮೇಲೆ ಆಡಳಿತ ಹುದ್ದೆಗಳಿಗೆ ಏರುತ್ತಾರೆ. 2017ರ ರಾಷ್ಟ್ರೀಯ ಆರೋಗ್ಯ ನೀತಿಯು ಎಲ್ಲ ರಾಜ್ಯಗಳಲ್ಲಿಯೂ ಸಾರ್ವಜನಿಕ ಆರೋಗ್ಯ ನಿರ್ವಹಣಾ ಸೇವಾವರ್ಗವನ್ನು ರಚಿಸಬೇಕೆಂದು ಸೂಚಿಸಿತು. 2022ರಲ್ಲಿ ಕೇಂದ್ರ ಸರ್ಕಾರವು ಇದಕ್ಕೆ ಮಾರ್ಗದರ್ಶಿ ದಸ್ತಾವೇಜನ್ನು ಹೊರಡಿಸಿತು. ಆರೋಗ್ಯವು ಸಂವಿಧಾನದ ಪ್ರಕಾರ ರಾಜ್ಯಪಟ್ಟಿಯ ವಿಷಯವಾದುದರಿಂದ ಇದರ ಅನುಷ್ಠಾನ ರಾಜ್ಯಗಳನ್ನು ಅವಲಂಬಿಸಿದೆ.

ಚರ್ಚೆಗಳು

ವೈದ್ಯರಲ್ಲದ ಎಂ.ಪಿ.ಎಚ್. ಪದವೀಧರರಿಗೆ ಸಮುದಾಯ ವೈದ್ಯಶಾಸ್ತ್ರದ ಎಂ.ಡಿ. ಪಡೆದವರಿಗೆ ಸಮಾನವಾದ ಸ್ಥಾನ ನೀಡಬಹುದೇ ಎಂಬುದು ನಿರಂತರ ಚರ್ಚೆಯ ವಿಷಯ. ರೋಗನಿರ್ಣಯದ ಜ್ಞಾನವಿಲ್ಲದೆ ರೋಗ ನಿಯಂತ್ರಣದ ನೇತೃತ್ವ ಕಷ್ಟವೆಂಬುದು ಒಂದು ವಾದ. ಕುಡಿಯುವ ನೀರು, ಪೌಷ್ಟಿಕ ಆಹಾರ, ವಾಹನ ಅಪಘಾತ, ತಂಬಾಕು ಮೊದಲಾದ ಸಮಸ್ಯೆಗಳಿಗೆ ಸ್ಟೆತಾಸ್ಕೋಪಿಗಿಂತ ಬೇರೆ ಸಾಧನಗಳು ಬೇಕೆಂಬುದು ಪ್ರತಿವಾದ. ಎಂ.ಪಿ.ಎಚ್. ಶಿಕ್ಷಣಕ್ಕೆ ವೈದ್ಯಕೀಯ ಶಿಕ್ಷಣದಂತೆ ಪ್ರತ್ಯೇಕ ನಿಯಂತ್ರಣ ಮಂಡಳಿಯಿಲ್ಲದಿರುವುದರಿಂದ ಸಂಸ್ಥೆಯಿಂದ ಸಂಸ್ಥೆಗೆ ಗುಣಮಟ್ಟ ಬದಲಾಗುತ್ತದೆ ಎಂಬ ಟೀಕೆಯೂ ಇದೆ. ಬೋಧನಾ ಕೇಂದ್ರಗಳು ನಗರಗಳಲ್ಲಿಯೇ ಹೆಚ್ಚಾಗಿರುವುದು ಹಾಗೂ ಖಾಸಗಿ ಸಂಸ್ಥೆಗಳ ಶುಲ್ಕವು ಹಳ್ಳಿಯ ಆರೋಗ್ಯ ಕಾರ್ಯಕರ್ತರ ಕೈಗೆಟುಕದಿರುವುದು ಇನ್ನೊಂದು ಆಕ್ಷೇಪ.

2020ರಲ್ಲಿ ಆರಂಭವಾದ ಕೋವಿಡ್-19 ಪಿಡುಗಿನಲ್ಲಿ ಸಂಪರ್ಕಿತರ ಪತ್ತೆ, ಅಂಕಿಅಂಶಗಳ ವಿಶ್ಲೇಷಣೆ, ಲಸಿಕೆಯ ವಿತರಣೆ ಮತ್ತು ವದಂತಿಗಳ ನಿವಾರಣೆಗೆ ತರಬೇತಿ ಪಡೆದವರ ಅಗತ್ಯ ಎದ್ದುಕಂಡಿತು. ಸಾರ್ವಜನಿಕ ಆರೋಗ್ಯದ ಯಶಸ್ಸು ಬಾರದೆ ಹೋದ ರೋಗದಲ್ಲಿರುವುದರಿಂದ ಅದು ಕಣ್ಣಿಗೆ ಬೀಳುವುದು ಕಡಿಮೆ. ಪಿಡುಗು ಬಂದಾಗ ಈ ಶಿಕ್ಷಣದತ್ತ ಗಮನ ಹರಿಯುವುದು, ಹೋದೊಡನೆ ಅದು ಹಿಂದೆ ಸರಿಯುವುದು 1918ರ ಇನ್‌ಫ್ಲುಯೆಂಜಾದ ಕಾಲದಿಂದಲೂ ಕಂಡುಬಂದಿದೆ. ಕ್ಷೇತ್ರಾಭ್ಯಾಸಕ್ಕೆ ಒಂದು ಊರು, ಕಲಿತವರಿಗೆ ಒಂದು ಹುದ್ದೆ, ಈ ಎರಡೂ ದೊರೆತ ಕಡೆಗಳಲ್ಲಿ ಮಾತ್ರ ಈ ಶಿಕ್ಷಣವು ಬೇರೂರಿದೆ.